ಸೀರೆ ರಟ್ಟಿನ ಇಂಗ್ಲಿಷ್

ಎತ್ತರ ಐದಡಿಯ ಮೇಲೆ ಒಂದಿಂಚು. ರವಿಕೆಗೆ ಎಂಬತ್ತು ಸೆಂಟಿಮೀಟರ್ ಸಾಕು. ಟೈಲರ್ ಒಂದು ಮೀಟರ್ ಕೇಳಿದರೆ ಅವನು ಕಳ್ಳ. ಮೈಬಣ್ಣ ಬಿಸಿಲು ಕಂಡದ್ದು. ಅದಕ್ಕೆ ಎಲೆಹಸಿರು, ಕುಂಕುಮಗೆಂಪು ಒಪ್ಪುತ್ತದೆ. ತಿಳಿಗುಲಾಬಿ ತೋರಿಸುತ್ತಾ ಕೂತರೆ ನಮ್ಮ ಹೊತ್ತು ಹಾಳು. ಅವಳೇ ಬಟ್ಟೆಯಾಗಿದ್ದರೆ ನಾನು ಕೈಮಗ್ಗದ ಹತ್ತಿ ಸಾಲಿನಲ್ಲಿ ಇಡುತ್ತಿದ್ದೆ. ಮೊದಲ ನೋಟಕ್ಕೆ ಯಾರೂ ಎತ್ತಿಕೊಳ್ಳುವುದಿಲ್ಲ. ಒಗೆದಷ್ಟೂ ಮೆತ್ತಗಾಗುತ್ತದೆ, ಬಣ್ಣ ಬಿಡುವುದಿಲ್ಲ. ಇಂಥ ಮಾಲು ಕೈಗೆ ಬಂದರೆ ಬುದ್ಧಿ ಇರುವ ವ್ಯಾಪಾರಿ ಅದನ್ನು ಶೋಕೇಸಿಗೆ ಹಾಕುವುದಿಲ್ಲ. ಯಾರಾದರೂ ಕಂಡು ಕೇಳಿಬಿಟ್ಟರೆ?

ಹೆಸರು ನಂದಿತಾ. ಹನಗೋಡಿನಿಂದ ಬೆಳಗಿನ ಬಸ್ಸಿಗೆ ಹುಣಸೂರಿಗೆ ಬರುತ್ತಾಳೆ. ನಮ್ಮ ಜವಳಿ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಸೀರೆ ಕೌಂಟರ್ ಅವಳದು. ಸೇರಿದಾಗ ಇಪ್ಪತ್ತೊಂದು ವಯಸ್ಸು, ಪಿಯುಸಿ ಪಾಸು. ಇಂಗ್ಲಿಷಿನಲ್ಲಿ ಸರಿಯಾಗಿ ಮೂವತ್ತೈದು ಬಂದಿತ್ತು. ಒಂದು ಕಮ್ಮಿಯಿಲ್ಲ, ಒಂದು ಜಾಸ್ತಿಯಿಲ್ಲ. ಆಗ ನನಗೆ ಆ ಅಂಕ ಮುಖ್ಯ ಅನ್ನಿಸಿರಲಿಲ್ಲ.

ಮೊದಲ ದಿನವೇ ನಮ್ಮಪ್ಪ ನನಗೆ ಕಲಿಸಿದ್ದನ್ನು ನಾನು ಅವಳಿಗೆ ಕಲಿಸಿದೆ. ಅಂಗಡಿಯಲ್ಲಿ ನಿಂತವರ ಬಾಯಲ್ಲಿ 'ಇಲ್ಲ' ಬರಕೂಡದು. ಬೋಣಿಯ ಹೊತ್ತಿನಲ್ಲಂತೂ ಸುತರಾಂ ಕೂಡದು. ಕೇಳಿದ ಬಣ್ಣ ಇರದಿದ್ದರೆ 'ಕೂತ್ಕೊಳ್ಳಿ, ತೋರಿಸ್ತೀನಿ' ಅನ್ನಬೇಕು. ಮಾಲು ಬಂದಿರದಿದ್ದರೆ 'ದಾರೀಲಿ ಇದೆ'. ಬರುವುದೇ ಸುಳ್ಳಾದರೆ 'ಹಬ್ಬ ಕಳೀಲಿ, ನಿಮಗೇ ಅಂತ ಎತ್ತಿಡ್ತೀನಿ'. ಗಿರಾಕಿ ಬರಿಗೈಲಿ ಹೋದರೂ ಮುಖ ಸಪ್ಪೆ ಮಾಡಿಕೊಂಡು ಹೋಗಬಾರದು.

ಮೂರು ತಿಂಗಳಲ್ಲಿ ಅವಳು ನನ್ನನ್ನು ಮೀರಿಸಿದಳು. ಒಮ್ಮೆ ಪಿರಿಯಾಪಟ್ಟಣದ ಹೆಂಗಸೊಬ್ಬಳು ಮಾವಿನ ಚಿಗುರಿನ ಬಣ್ಣದ ರೇಷ್ಮೆಯೇ ಬೇಕೆಂದು ಬಂದಳು. ನಮ್ಮಲ್ಲಿ ಅದು ಎಂದೂ ಇರಲಿಲ್ಲ.

"ಬನ್ನಿ ಅಕ್ಕ, ಕೂತ್ಕಳಿ. ಯಾರ ಮದ್ವೆಗೆ?"

"ನನ್ ತಂಗಿ ಮಗಳ್ದು ಕಣವ್ವ."

"ಅಂಗಾರೆ ಹುಡುಗಿಗೆ ದೊಡ್ಡವ್ವ ನೀವು. ದೊಡ್ಡವ್ವನೇ ಚಿಗುರು ಉಟ್ಕಂಡು ನಿಂತ್ರೆ ಮದುವಣಗಿತ್ತಿ ಏನ್ ಉಟ್ಕಬೇಕು ಅಕ್ಕ?"

ಆ ಹೆಂಗಸು ನಕ್ಕು ನಕ್ಕು ನೇರಳೆ ಬಣ್ಣದ ಸೀರೆ ತೆಗೆದುಕೊಂಡು ಹೋದಳು. ಮುಂದಿನ ಮದುವೆಗೆ ಇನ್ನೂ ನಾಲ್ವರನ್ನು ಕರೆತಂದಳು. ಅವರಲ್ಲಿ ಒಬ್ಬರೂ ನನ್ನ ಅಂಗಡಿಯ ಹೆಸರು ಹೇಳಿಕೊಂಡು ಬಂದವರಲ್ಲ, "ನಂದಿತಾ ಅವ್ಳಾ?" ಎಂದೇ ಒಳಗೆ ಕಾಲಿಟ್ಟರು.

ಅಂಥವಳನ್ನು ಉಳಿಸಿಕೊಳ್ಳಲು ನಾನು ಕಂಡುಕೊಂಡ ಉಪಾಯ, 'ನೀನು ನಮ್ಮನೆ ಮಗಳಿದ್ದಂಗೆ' ಅನ್ನುವ ಮಾತು. ಅದರಲ್ಲಿ ಪ್ರೀತಿ ಇರಲಿಲ್ಲ ಎಂದಲ್ಲ. ಆದರೆ ಮನೆ ಮಗಳು ರಜೆ ಚೀಟಿ ಬರೆಯುವುದಿಲ್ಲ, ಕೆಲಸಕ್ಕೆ ಸೇರಿಸಿಕೊಂಡ ಕಾಗದ ಕೇಳುವುದಿಲ್ಲ, ಇನ್ನೊಂದು ಅಂಗಡಿಯ ಕಡೆ ತಿರುಗಿ ನೋಡುವುದಿಲ್ಲ. ಹಗ್ಗದಲ್ಲಿ ಕಟ್ಟಿದರೆ ಗಂಟು ಎಲ್ಲಿದೆ ಎಂದಾದರೂ ತಿಳಿಯುತ್ತದೆ. ನಂಟಿನಲ್ಲಿ ಕಟ್ಟಿದರೆ ಹುಡುಕಿದರೂ ಸಿಗುವುದಿಲ್ಲ.

ಕಳೆದ ಆಷಾಢದಲ್ಲಿ ಸುನಂದಮ್ಮ ಮೇಡಂ ಬಂದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವರು. ನನಗೂ ಅವರೇ ಕಲಿಸಿದ್ದು. ಅದರ ಹೊಣೆಯನ್ನು ಮಾತ್ರ ಇಂದಿಗೂ ಹೊತ್ತುಕೊಳ್ಳುವುದಿಲ್ಲ. ಆಷಾಢವೆಂದರೆ ಜವಳಿ ಅಂಗಡಿಯಲ್ಲಿ ನೊಣ ಹೊಡೆಯುವ ಕಾಲ. ಮೇಡಂ ಸೀರೆ ನೋಡುವ ನೆಪದಲ್ಲಿ ಕೂತು ನಂದಿತಾಗೆ ಸುದ್ದಿ ಹೇಳಿದರು.

"ಎಚ್.ಡಿ. ಕೋಟೆಯಿಂದಾಚೆ, ಕಬಿನಿ ಹಿನ್ನೀರಿನ ಹತ್ರ ಒಂದು ರೆಸಾರ್ಟ್ ಇದೆ. ಒಳಗೇ ಸೀರೆ, ಶಾಲಿನ ಅಂಗಡಿ ಮಾಡ್ತಿದಾರೆ. ಅದನ್ನ ನೋಡ್ಕೊಳ್ಳೋಕೆ ಬಟ್ಟೆ ಗೊತ್ತಿರೋ ನಮ್ಮ ಕಡೆ ಹೆಣ್ಮಗಳೇ ಬೇಕಂತೆ. ಕೋಟೆಯಿಂದ ಅವರದೇ ವ್ಯಾನು. ಬರೋರು ಫಾರಿನ್ನೋರು. ಇಂಗ್ಲಿಷ್ ಮಾತಾಡ್ಬೇಕು, ಅಷ್ಟೇ."

"ಅಷ್ಟೇನಾ ಮೇಡಂ?" ನಂದಿತಾ ನಕ್ಕಳು. "ಬೆಟ್ಟ ಹತ್ಬೇಕು, ಅಷ್ಟೇ ಅಂದಂಗಾಯ್ತು."

"ಗೌರಿ ಹಬ್ಬಕ್ಕೆ ಮುಂಚೆ ಇಂಟರ್‌ವ್ಯೂ. ಎರಡು ತಿಂಗಳಿದೆ. ಮೂವತ್ತೈದು ತಗೊಂಡೋಳು ನಾಲ್ಕು ಮಾತು ಕಲಿಯಕ್ಕಾಗಲ್ವಾ?"

ನಂದಿತಾ ಗಲ್ಲಾದ ಕಡೆ ಒಮ್ಮೆ ನೋಡಿದಳು. ಆಮೇಲೆ ನನಗೆ ಕೇಳಿಸದಿರಲೆಂದು ದನಿ ತಗ್ಗಿಸಿ ಹೇಳಿದಳು, "ನಿಂತೂ ನಿಂತೂ ಕಾಲಿನ ನರ ಎಲ್ಲಾ ಗಂಟು ಕಟ್ಕಂಡವೆ ಮೇಡಂ. ಅಲ್ಲಿ ಕೂರಕ್ಕೆ ಕುರ್ಚಿ ಇರ್ತದಾ?"

ಖಾಲಿ ಅಂಗಡಿಯಲ್ಲಿ ತಗ್ಗಿಸಿದ ದನಿಯೂ ಗಲ್ಲಾದವರೆಗೆ ಬರುತ್ತದೆ.

ಅಂದಿನಿಂದ ಪಾಠ ಶುರು. ಹೊಸ ಸೀರೆಯ ಮಡಿಕೆಯೊಳಗೆ ಒಂದು ರಟ್ಟು ಇರುತ್ತದಲ್ಲ, ಬಿಚ್ಚಿ ತೋರಿಸಿದ ಮೇಲೆ ನಾವು ಎಸೆಯುವುದು, ಅದೇ ಅವಳ ನೋಟ್‌ಬುಕ್ಕು. ಕ್ರಿಯಾಪದಗಳನ್ನು ಬರೆದು ಬೀರುವಿನಲ್ಲೇ ಜೋಡಿಸಿದಳು. ಹಳೇ ಸ್ಟಾಕು ಇರುವ ಕೆಳಗಿನ ಹಲಗೆಯಲ್ಲಿ ಆಗಿಹೋದ ಮಾತುಗಳು: ಐ ಶೋಡ್, ಐ ಸೋಲ್ಡ್, ಐ ವೆಂಟ್. ದಿನಾ ಕೈಯಾಡುವ ನಡುವಿನ ಹಲಗೆಯಲ್ಲಿ ಈಗಿನವು: ಐ ಶೋ, ಐ ಸೆಲ್, ಐ ಗೋ. ಇನ್ನೂ ಬಿಚ್ಚದ ಬಂಡಲು ಇಡುವ ಮೇಲಿನ ಹಲಗೆಯಲ್ಲಿ ಮುಂದೆ ಆಗುವವು, ಎಲ್ಲಕ್ಕೂ ಒಂದೊಂದು 'ವಿಲ್' ಸೇರಿಸಿ. ಗಿರಾಕಿಗೆ ಸೀರೆ ಎಳೆಯುವಾಗಲೆಲ್ಲ ಅವಳ ತುಟಿ ಅಲ್ಲಾಡುತ್ತಿತ್ತು. ಒಂದು ದಿನ ಕೆ.ಆರ್. ನಗರದ ಅಜ್ಜಿಯ ಮಡಿಲಿಗೆ ರಟ್ಟೊಂದು ಜಾರಿ ಬಿತ್ತು. ಅಜ್ಜಿ ತಿರುಗಿಸಿ ಮುರುಗಿಸಿ ನೋಡಿ, "ರೇಟು ಇಷ್ಟುದ್ದ ಬರ್ದಿದೀಯಲ್ಲವ್ವ, ಇದ್ರಲ್ಲಿ ಎಷ್ಟು ಬುಡ್ತೀಯ?" ಎಂದಳು.

ಕ್ರಿಯಾಪದ ಸುಲಭವಾಗಿ ಬಂತು. ತಕರಾರು ಬಂದದ್ದು ದಿನಬಳಕೆಯ ಮಾತಿಗೆ.

"ಹೌ ಆರ್ ಯೂ ನಂದಿತಾ?"

"ಹಿಂಗೇ ಇದೀನಿ ಮೇಡಂ."

"ಇಂಗ್ಲಿಷಲ್ಲಿ ಹೇಳು. ಐ ಆಮ್ ಫೈನ್."

"ಚೆನ್ನಾಗಿದೀನಿ ಅಂತ ಬಾಯ್ಬಿಟ್ಟು ಹೇಳಿದ್ರೆ ದೃಷ್ಟಿ ಆಗಲ್ವಾ ಮೇಡಂ?"

"ಇಂಗ್ಲಿಷಿಗೆ ದೃಷ್ಟಿ ತಾಕಲ್ಲ ಕಣೇ. ಹೇಳು. ಹೊರಡೋವಾಗ ಏನಂತೀಯ? ಐ ಆಮ್ ಗೋಯಿಂಗ್."

"ಬರೀ ಹೋಗ್ತೀನಿ ಅನ್ನದಾ? ಹೋಗ್ಬುಟ್ ಬತ್ತೀನಿ ಅನ್ಬೇಕಲ್ವಾ? ನಮ್ಮತ್ತೆ ಕೇಳಿದ್ರೆ ಸೌಟಲ್ಲಿ ಹೊಡೀತಾರೆ."

"ಅಲ್ಲಿ ಹೋಗೋರು ಹೋಗ್ತಾರೆ ಕಣಮ್ಮ, ಅಷ್ಟೇ."

ನಂದಿತಾ ಅದನ್ನು ರಟ್ಟಿನ ಮೇಲೆ ಬರೆದುಕೊಂಡಳು. ಬರೆದ ಮೇಲೂ ಬಹಳ ಹೊತ್ತು ಅದನ್ನೇ ನೋಡುತ್ತಿದ್ದಳು.

ನಾನು ಗಲ್ಲಾದಿಂದಲೇ ಕೇಳಿದೆ, "ಮೇಡಂ, ಸೀರೆ ತಗೋತೀರಾ, ಸ್ಕೂಲ್ ನಡೆಸ್ತೀರಾ?"

"ನಿನಗೆ ಕಲಿಸಿ ಹೋದ ಮರ್ಯಾದೆ ಇವಳಿಂದಾದ್ರೂ ವಾಪಸ್ ಬರ್ಲಿ ಅಂತ ಕೂತಿದೀನಿ. ಸುಮ್ನಿರು ಧರ್ಮೇಂದ್ರ."

ನಾನು ಲೆಕ್ಕದ ಪುಸ್ತಕ ತೆಗೆದೆ. ಕಲಿತರೆ ಕಲಿಯಲಿ, ಆಷಾಢ ಕಳೆದರೆ ತಾನೇ ಮರೆಯುತ್ತಾಳೆ ಎಂದುಕೊಂಡಿದ್ದೆ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಕೊಡಗಿನ ಕಡೆ ಹೊರಟಿದ್ದ ಬಿಳಿ ದಂಪತಿ ಮಳೆಗೆ ಸಿಕ್ಕಿ ನಮ್ಮ ಅಂಗಡಿಯೊಳಗೆ ನುಗ್ಗಿದರು. ಹೆಂಗಸು ರೇಷ್ಮೆಯ ಸ್ಕಾರ್ಫ್ ಕೇಳಿದಳು. ನಮ್ಮಲ್ಲಿ ಅದೆಲ್ಲಿ? ನಾನು ಕೈ ಆಡಿಸುವಷ್ಟರಲ್ಲಿ ನಂದಿತಾ ಮುಂದೆ ಬಂದಳು.

"ಪ್ಲೀಸ್ ಸಿಟ್ ಮೇಡಂ. ಐ ವಿಲ್ ಶೋ."

ಇಂಗ್ಲಿಷಿನಲ್ಲೂ ಅದೇ ಮಾತು! ಚೌಕುಳಿ ಟವೆಲ್ ಬಿಚ್ಚಿ ಆ ಹೆಂಗಸಿನ ಕೊರಳಿಗೆ ಒಂದು ಸುತ್ತು ಹಾಕಿದಳು. ಇದನ್ನು ಇಲ್ಲಿಯ ರೈತರು ಹೆಗಲಿಗೆ ಹಾಕುತ್ತಾರೆ, ತನ್ನಪ್ಪನೂ ಹಾಕುತ್ತಿದ್ದರು, ಒಗೆದಷ್ಟೂ ಮೆತ್ತಗಾಗುತ್ತದೆ ಎಂದಳು. ನಡುನಡುವೆ ತಡವರಿಸಿದಳು, ಆದರೆ ನಿಲ್ಲಲಿಲ್ಲ. ಆಗಿಹೋದದ್ದು, ಈಗಿನದು, ಮುಂದಿನದು, ಮೂರೂ ಅದರದರ ಜಾಗದಲ್ಲಿ ಕೂತಿದ್ದವು. ಅವರು ಆರು ಟವೆಲ್ ತೆಗೆದುಕೊಂಡು, ಅವಳ ಕೈ ಕುಲುಕಿ ಹೋದರು.

ವ್ಯಾಪಾರಿಯಾಗಿ ನನಗೆ ಖುಷಿಯಾಯಿತು. ಅದೇ ಗಳಿಗೆಯಲ್ಲಿ ಹೆದರಿಕೆಯೂ ಆಯಿತು. ಇವಳು ಪಾಸಾಗುತ್ತಾಳೆ, ಅದೂ ಗೌರಿ ಹಬ್ಬದ ವ್ಯಾಪಾರದ ಹೊಸ್ತಿಲಲ್ಲಿ. ಹಬ್ಬ ಕಳೆದರೆ ದಸರಾ, ಆಮೇಲೆ ತಂಬಾಕು ಹರಾಜಿನ ದುಡ್ಡು ರೈತರ ಕೈಗೆ ಬಂದ ಬೆನ್ನಿಗೆ ಮದುವೆ ಜವಳಿ. "ನಂದಿತಾ ಅವ್ಳಾ?" ಎಂದು ಬರುವವರಿಗೆ ನಾನು ಏನು ಹೇಳಲಿ?

ನೇರವಾಗಿ ಬೇಡ ಅನ್ನುವುದು ನಮ್ಮ ಕಸುಬಿನ ಪದ್ಧತಿಯಲ್ಲ. ಬೇರೆ ದಾರಿ ನೋಡಿದೆ. ಅವಳ ಅತ್ತೆ ಪುಟ್ಟಸಿದ್ದಮ್ಮ ಆ ವಾರ ಲಂಗದ ಬಟ್ಟೆಗೆ ಬಂದಿದ್ದಳು. ಬಂದವಳೇ ದೂರು ಹೇಳಿದಳು.

"ಸಾವ್ಕಾರ್ರೇ, ನನ್ ಸೊಸೆಗೆ ಗಾಳಿ ಗೀಳಿ ಮೆಟ್ಕಂತಾ ನೋಡಿ. ಒಲೆ ಮುಂದೆ ಕುಂತ್ಕಂಡು ವಾಸ್ ವಾಸ್ ಅಂತಾಳೆ. ಮುದ್ದೆ ತೊಳಸ್ತಾ ವರ್ ವರ್ ಅಂತಾಳೆ."

"ಗಾಳಿಯಲ್ಲ ಕಣವ್ವ, ಇಂಗ್ಲಿಷು. ಕೋಟೆಯಿಂದಾಚೆ ಕೆಲಸಕ್ಕೆ ಹೋಗ್ಬೇಕು ಅಂತ ಕಲೀತಾವಳೆ. ಕಾಡಂಚು, ದೂರ. ಸಂಜೆ ಬರೋದು ತಡವಾಯ್ತದೆ. ಮಗು ಬೇರೆ ಚಿಕ್ಕದು." ಒಂದೊಂದಾಗಿ ಬಿಚ್ಚಿ ಹರವಿದೆ.

ಮುದುಕಿ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜುತ್ತಾ ಯೋಚಿಸಿದಳು. "ಕುರ್ಚಿ ಕೊಡ್ತಾರಂತಾ?"

"ಕೊಡ್ತಾರಂತೆ."

"ಅಂಗಾರೆ ಓಗ್ಲಿ ಬುಡಿ. ರಾತ್ರಿ ಕಾಲು ಇಡ್ಕಂಡು ಅಳ್ತಾಳೆ, ಎಣ್ಣೆ ತಿಕ್ಕೋಳು ನಾನು. ಚಿನ್ನೂನ ನಾನ್ ನೋಡ್ಕತೀನಿ. ನನ್ ಮಗನೂ ಬ್ಯಾಡ ಅನ್ನಾಕಿಲ್ಲ."

ಈ ಮಾಲು ಖರ್ಚಾಗಲಿಲ್ಲ.

ಮರುದಿನ ನಂದಿತಾ ಗಲ್ಲಾದ ಮುಂದೆ ಬಂದು ನಿಂತಳು. "ಅಣ್ಣ, ಒಂದು ಕಾಗದ ಬೇಕಿತ್ತು. ಇಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೀನಿ ಅಂತ. ಮೇಡಂ ಬರ್ದೇ ಕೊಟ್ಟವ್ರೆ, ನಾಲ್ಕೇ ಸಾಲು. ನೀವು ಅಂಗಡಿ ಲೆಟರ್‌ಹೆಡ್ಡಲ್ಲಿ ಸಹಿ ಹಾಕಿ ಸೀಲು ಒತ್ಕೊಟ್ರೆ ಸಾಕು. ಅದಿಲ್ದೆ ತಗಳಲ್ವಂತೆ."

"ಅದಕ್ಕೇನವ್ವ, ಧಾರಾಳವಾಗಿ ಕೊಡ್ತೀನಿ."

ಮೊದಲ ಸಲ, ಲೆಟರ್‌ಹೆಡ್ಡು ಮುಗಿದಿದೆ, ಪ್ರಿಂಟಿಗೆ ಕೊಟ್ಟಿದ್ದೇನೆ ಎಂದೆ. ಎರಡನೇ ಸಲ, ಸೀಲು ಆಡಿಟರ್ ಹತ್ತಿರ ಇದೆ ಎಂದೆ. ಮೂರನೇ ಸಲ ಅಮಾವಾಸ್ಯೆ ಅಡ್ಡ ಬಂತು. ಒಳ್ಳೆಯ ಕಾಗದಕ್ಕೆ ಒಳ್ಳೆಯ ದಿನವೇ ಸಹಿ ಹಾಕಬೇಕಲ್ಲ? ನಾಲ್ಕನೇ ಸಲ ಅವಳು ಸೀರೆ ಮಡಿಸುತ್ತಲೇ, ತಲೆ ಎತ್ತದೆ ಕೇಳಿದಳು:

"ಕಾಗದ ದಾರೀಲಿ ಐತಾ ಅಣ್ಣ?"

ಮುಖದಲ್ಲಿ ನಗು ಇತ್ತು. ಆ ನಗುವನ್ನು ನಾನೇ ಅವಳಿಗೆ ಕಲಿಸಿದ್ದೆ.

ಇಂಟರ್‌ವ್ಯೂಗೆ ಅವಳು ಕಾಗದವಿಲ್ಲದೆಯೇ ಹೋದಳು. ನನ್ನ ಅಂಗಡಿಗೆ ಬರುವ ಹೊತ್ತಿಗೇ ಬಸ್ ಹತ್ತಿ, ಈ ಸಲ ಕೋಟೆಯ ಕಡೆಗೆ. ಮರುದಿನ ಬಂದಾಗ ಮುಖ ಬೆಳಗಿದ ಹಿತ್ತಾಳೆ ತಂಬಿಗೆಯ ಹಾಗೆ ಹೊಳೆಯುತ್ತಿತ್ತು.

"ಕೇಳಿದ್ದಕ್ಕೆಲ್ಲ ಹೇಳ್ದೆ ಅಣ್ಣ. ಹೋದ ವರ್ಷ ಏನ್ ಮಾಡ್ತಿದ್ರಿ, ಈಗೇನ್ ಮಾಡ್ತೀರಿ, ನಮ್ಮಲ್ಲಿಗೆ ಬಂದ್ರೆ ಏನ್ ಮಾಡ್ತೀರಿ ಅಂತ ಕೇಳಿದ್ರು. ಮೂರಕ್ಕೂ ಹೇಳ್ದೆ. ಮ್ಯಾನೇಜರ್ ಕೇರಳದೋರು, ಕನ್ನಡ ಬರಲ್ಲ. ಒಂದನೇ ತಾರೀಕಿಂದ ಬರ್ಬೋದು ಅಂದ್ರು. ಕಾಗದ ಇನ್ನೂ ಸಿಕ್ಕಿಲ್ಲ ಅಂದೆ. ಪರವಾಗಿಲ್ಲ, ನಿಮ್ಮ ಓನರ್ ಹತ್ರ ಫೋನಲ್ಲೇ ಒಂದು ಮಾತು ಕೇಳ್ತೀವಿ, ಅವರು ಹ್ಞೂಂ ಅಂದ್ರೆ ಆಯ್ತು ಅಂದ್ರು. ನಿಮ್ಮ ನಂಬರ್ ಕೊಟ್ಟಿದೀನಿ."

ಆ ಮ್ಯಾನೇಜರ್ ಮೂರನೇ ದಿನ ಫೋನ್ ಮಾಡಿದರು, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ. ನಂದಿತಾ ನನ್ನಿಂದ ಎರಡು ಮಾರು ದೂರದಲ್ಲಿ, ಹಬ್ಬದ ಬಂಡಲು ಬಿಚ್ಚುತ್ತಿದ್ದಳು.

ಇಲ್ಲಿ ನಮ್ಮ ಅಂಗಡಿಯ ಒಂದು ಹಳೇ ಅಭ್ಯಾಸ ಹೇಳಬೇಕು. ಸೂರತ್ತಿನ ಏಜೆಂಟರು ಬಂದಾಗ ಕೊಳ್ಳುವ ದರ ಕೆಲಸದ ಹುಡುಗಿಯರ ಕಿವಿಗೆ ಬೀಳಬಾರದೆಂದು ನಾನು ಇಂಗ್ಲಿಷಿಗೆ ಹೊರಳುತ್ತೇನೆ. ಹರಕು ಇಂಗ್ಲಿಷು, ಆದರೆ ಗೋಡೆಯಂತೆ ಕೆಲಸ ಮಾಡುತ್ತಿತ್ತು. ವರ್ಷಗಟ್ಟಲೆ ಅವಳ ಎದುರೇ ಹಾಗೆ ಮಾತಾಡಿದ್ದೇನೆ. ಅಂದೂ ಎದ್ದು ಹೊರಗೆ ಹೋಗಬೇಕೆಂದು ನನಗೆ ಹೊಳೆಯಲೇ ಇಲ್ಲ. ಎರಡು ತಿಂಗಳು ನನ್ನ ಕಣ್ಣೆದುರೇ ಪಾಠ ನಡೆದಿತ್ತು, ಆದರೂ ಹೊಳೆಯಲಿಲ್ಲ.

"ಯೆಸ್ ಸರ್. ವೆರಿ ಗುಡ್ ಗರ್ಲ್ ಸರ್. ಲೈಕ್ ಮೈ ಸಿಸ್ಟರ್," ಎಂದೆ. ಹೊಗಳಿಕೆಯಲ್ಲಿ ಕಮ್ಮಿ ಮಾಡಲಿಲ್ಲ. ಆಮೇಲೆ ಹೇಳಿದೆ, "ಬಟ್ ಹೌಸ್ ಪ್ರಾಬ್ಲಮ್ ಸರ್. ಸ್ಮಾಲ್ ಚೈಲ್ಡ್. ಫ್ಯಾಮಿಲಿ ನಾಟ್ ಸೆಂಡಿಂಗ್. ನೌ ಶೀ ವಿಲ್ ನಾಟ್ ಕಮ್. ಆಫ್ಟರ್ ದಸರಾ ಶೀ ವಿಲ್ ಕಮ್."

ಅತ್ತ ಕಡೆಯವರು, ನಮಗೆ ಒಂದನೇ ತಾರೀಕಿಗೇ ಬೇಕಲ್ಲ ಎಂದರು. ನೆಕ್ಸ್ಟ್ ಟೈಮ್ ಸರ್, ಶೂರ್ ಸರ್ ಎಂದು ಫೋನ್ ಇಟ್ಟೆ. ನಾನು ಇಲ್ಲ ಅನ್ನಲಿಲ್ಲ. ಹಬ್ಬ ಕಳೀಲಿ, ನಿಮಗೇ ಅಂತ ಎತ್ತಿಡ್ತೀನಿ ಅಂದೆ, ಅಷ್ಟೇ.

ತಿರುಗಿ ನೋಡಿದರೆ ನಂದಿತಾಳ ಕೈಯಲ್ಲಿ ಸೀರೆ ಅರ್ಧ ಮಡಿಕೆಯಲ್ಲಿ ನಿಂತಿತ್ತು. ನನ್ನನ್ನು ನೋಡಲಿಲ್ಲ. ಅಷ್ಟರಲ್ಲಿ ತಾಯಿ ಮಗಳಿಬ್ಬರು ಒಳಗೆ ಬಂದರು. "ಬನ್ನಿ ಅಕ್ಕ, ಕೂತ್ಕಳಿ, ಯಾರಿಗೆ ತೋರಿಸ್ಲಿ?" ಎಂದಳು. ದನಿ ಎಂದಿನಂತೆಯೇ ಇತ್ತು. ಸಂಜೆಯವರೆಗೂ ಬಿಡುವಿಲ್ಲದ ವ್ಯಾಪಾರ; ಅಂದು ಒಬ್ಬ ಗಿರಾಕಿಯೂ ಬರಿಗೈಲಿ ಹೋಗಲಿಲ್ಲ.

ಬಸ್ಸಿನ ಹೊತ್ತಿಗೆ ಬ್ಯಾಗು ತೆಗೆದುಕೊಂಡು ಗಲ್ಲಾದ ಹತ್ತಿರ ಬಂದಳು.

"ಅಣ್ಣ, ನಮ್ಮನೇಲಿ ಏನ್ ಪ್ರಾಬ್ಲಮ್ಮು?"

ನಾನು ನೋಟು ಜೋಡಿಸುತ್ತಿದ್ದೆ, ಜೋಡಿಸುತ್ತಲೇ ಇದ್ದೆ.

"ಹೌಸ್ ಪ್ರಾಬ್ಲಮ್ ಅಂದ್ರಲ್ಲ. ನಮ್ಮತ್ತೆ ನಿಮ್ಮ ಹತ್ರಾನೇ ಹೋಗ್ಲಿ ಬುಡಿ ಅಂದಿದ್ರಂತೆ. ಅದಕ್ಕೆ ಕೇಳ್ದೆ."

"ಹಬ್ಬ ಮುಗೀಲಿ ಕಣವ್ವ, ಕೂತು ಮಾತಾಡಣ."

"ಸರಿ ಅಣ್ಣ," ಎಂದಳು. ಬಾಗಿಲ ಹತ್ತಿರ ಹೋದವಳು ಅಭ್ಯಾಸದಂತೆ ತಿರುಗಿ, "ಹೋಗ್ಬುಟ್ ಬತ್ತೀನಿ," ಎಂದಳು. ನನಗೆ ಅದನ್ನು ಕೇಳಿ ಸಮಾಧಾನವಾಯಿತು. ಆ ಸಮಾಧಾನ ಎಂಥದ್ದೆಂದು ನನಗೆ ಗೊತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮರುದಿನ ಅವಳೇ ಆ ಮ್ಯಾನೇಜರಿಗೆ ಫೋನ್ ಮಾಡಿದಳಂತೆ. ನಿಮ್ಮ ಓನರ್ ಹೀಗೆ ಹೇಳಿದರಲ್ಲ ಎಂದು ಅವರು ಕೇಳಿದರಂತೆ. ಅಲ್ಲಿ ಅವಳ ಇಂಗ್ಲಿಷ್ ನಿಂತುಹೋಯಿತು. "ಮಾತು ಬರ್ಲಿಲ್ಲ ಅಂತಲ್ಲ ಮೇಡಂ," ಎಂದು ಸುನಂದಮ್ಮನವರಿಗೆ ಹೇಳಿದಳಂತೆ, "ಅಣ್ಣ ಸುಳ್ಳು ಹೇಳಿದ್ರು ಅಂತ ಯಾವ ಬಾಯಲ್ಲಿ ಹೇಳ್ಲಿ? ಇವತ್ತು ಅವರ ಅಂಗಡೀಲೇ ನಿಂತಿದೀನಲ್ಲ." ಮೈಸೂರಿನ ಹುಡುಗಿಯೊಬ್ಬಳು ಒಂದನೇ ತಾರೀಕಿಗೆ ಆ ಕೆಲಸಕ್ಕೆ ಸೇರಿದಳು.

ನಂದಿತಾಗೆ ಅಣ್ಣತಮ್ಮಂದಿರಿಲ್ಲ. ಗೌರಿ ಹಬ್ಬಕ್ಕೆ ಅವಳ ತವರಿನ ಅರಿಶಿನ-ಕುಂಕುಮ ಪ್ರತಿವರ್ಷ ನಮ್ಮ ಮನೆಯಿಂದಲೇ ಹೋಗುತ್ತದೆ. ಈ ಸಲವೂ ನನ್ನ ಹೆಂಡತಿ ಎಲೆಹಸಿರಿನ ಸೀರೆ, ಬಳೆ, ಹೂವು ತಟ್ಟೆಯಲ್ಲಿಟ್ಟು ಕರೆದಳು. ತವರಿನ ಬಾಗಿನ ಬೇಡವೆನ್ನುವ ಹೆಣ್ಣುಮಗಳು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಬೇಡವೆಂದರೆ ತವರಿಗೆ ಕೇಡಂತೆ. ನಂದಿತಾ ಸೆರಗೊಡ್ಡಿ ತೆಗೆದುಕೊಂಡಳು. ಬಗ್ಗಿ ನನ್ನ ಕಾಲು ಮುಟ್ಟಿದಳು. ಏಳುವಾಗ ಮೊಣಕಾಲಿಗೆ ಕೈ ಊರಿಕೊಂಡು ಎದ್ದಳು.

ಮೇಡಂ ಅದಾದ ಮೇಲೆ ಒಂದೇ ಸಲ ಅಂಗಡಿಗೆ ಬಂದರು. ಕೂರಲಿಲ್ಲ.

"ನಿನಗೆ ಏನೂ ಕಲಿಸಕ್ಕಾಗಲಿಲ್ಲ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ ಧರ್ಮೇಂದ್ರ. ಒಂದು ಹುಡುಗಿ ಬಾಯಿಗೆ ಮಣ್ಣು ಹಾಕೋಕೆ ಬೇಕಾದಷ್ಟು ಕಲ್ತಿದೀಯ ಕಣಪ್ಪ."

ಸೀರೆಯನ್ನು ಅವರು ಈಗ ಬೇರೆ ಅಂಗಡಿಯಲ್ಲಿ ಕೊಳ್ಳುತ್ತಾರೆ.

ಕಾರ್ತಿಕದಲ್ಲಿ ನಾನು ಆ ನಾಲ್ಕು ಸಾಲಿನ ಕಾಗದಕ್ಕೆ ಸಹಿ ಹಾಕಿ, ಸೀಲು ಒತ್ತಿ ಕೊಟ್ಟೆ. ನಂದಿತಾ ನಿಂತೇ ಓದಿದಳು.

"ತಾರೀಕು ಇವತ್ತಿಂದು ಹಾಕಿದೀರ."

"ಹ್ಞೂಂ."

"ಇದನ್ನ ಈಗ ಯಾರಿಗೆ ಕೊಡ್ಲಿ ಅಣ್ಣ?"

ನಾನು ಸೀಲನ್ನು ಡಬ್ಬಿಯಲ್ಲಿಟ್ಟು ಮುಚ್ಚಿದೆ. ಕಾಗದ ಮಡಿಸಿ ಬ್ಯಾಗಿಗೆ ಹಾಕಿಕೊಂಡು ಕೌಂಟರಿಗೆ ಹೋದಳು. ಒಂದು ಕುರ್ಚಿ ತರಿಸಿ ಅಲ್ಲಿ ಹಾಕಿಸಿದ್ದೇನೆ. ಅವಳು ಅದರ ಮೇಲೆ ಬಂಡಲು ಇಡುತ್ತಾಳೆ. ಸೂರತ್ತಿನವರು ಬಂದರೆ ನಾನೀಗ ಅವರನ್ನು ಎದುರಿನ ಟೀ ಅಂಗಡಿಗೆ ಕರೆದುಕೊಂಡು ಹೋಗಿ ಮಾತಾಡುತ್ತೇನೆ. ನಂದಿತಾ ದಿನಾ ಬೆಳಗಿನ ಬಸ್ಸಿಗೆ ಬರುತ್ತಾಳೆ, ಸಂಜೆಯ ಬಸ್ಸಿಗೆ ಹೋಗುತ್ತಾಳೆ. ಗಿರಾಕಿಗಳಿಗೆ ಏನೂ ವ್ಯತ್ಯಾಸ ಕಂಡಿಲ್ಲ. ಅಂಗಡಿಗೂ ನಷ್ಟವಾಗಿಲ್ಲ.

ಅವಳು ತಾನಾಗಿ ಕಲಿತು, ತಾನಾಗಿ ಗೆದ್ದುಕೊಂಡ ಒಂದು ಕೆಲಸವನ್ನು ನಾನು ತಪ್ಪಿಸಿದೆ. ಆ ಕೆಲಸ ನಂದಿತಾಗೆ ನಾನು ಕೊಡಬೇಕಾದ ಬಾಕಿ. ಇನ್ನೂ ಕೊಟ್ಟಿಲ್ಲ.